ನೋಡ್ ಕಟ್ಟಿರಿ, ಗಲ್ಲಾ ಪೆಟ್ಟಿಗೆ ಆಮೇಲೆ ಇಡಿ

ಬಿಟ್‌ಕಾಯಿನ್ ಪಾವತಿ ನೋಡ್ ಕಟ್ಟುತ್ತಿರುವ, ಕಟ್ಟಲು ಹೊರಟಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

ನಾನು ಹುಬ್ಬಳ್ಳಿಯಲ್ಲಿ ಸರ್ವರ್ ನೋಡಿಕೊಂಡು ಹೊಟ್ಟೆ ಹೊರೆಯುವವನು. ಫೈನಲ್ ಇಯರ್ ಪ್ರಾಜೆಕ್ಟಿನ ಹಂಗಾಮು ಬಂತೆಂದರೆ ನಿಮ್ಮಲ್ಲಿ ಕೆಲವರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬರುತ್ತೀರಿ. ಮೊದಲೆಲ್ಲ ಲೈಬ್ರರಿ ಮ್ಯಾನೇಜ್‌ಮೆಂಟು, ಹಾಜರಾತಿ ಆ್ಯಪು ಅಂತ ಬರುತ್ತಿದ್ದಿರಿ. ಈಗ ಒಳಗೆ ಕಾಲಿಡುವಾಗಲೇ "ಸರ್, ಲೈಟ್ನಿಂಗ್ ಪೇಮೆಂಟ್ ಗೇಟ್‌ವೇ ಮಾಡಾಕತ್ತೇವ್ರಿ" ಅನ್ನುತ್ತೀರಿ. ಕೇಳಿ ಖುಷಿಯಾಗುತ್ತದೆ. ಚಹಾ ಮುಗಿಯುವಷ್ಟರಲ್ಲಿ ಎರಡನೆಯ ಮಾತು ಬರುತ್ತದೆ: "ಡೆಮೊ ಆದ ಕೂಡಲೇ ನಮ್ಮ ಓಣಿಯ ಅಂಗಡಿಗೆ ಹಾಕಿಕೊಡತೇವ್ರಿ." ಈ ಪತ್ರ ಆ ಎರಡನೆಯ ಮಾತಿನ ಸಲುವಾಗಿ.

ನೋಡ್ ಕಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಕಟ್ಟಿ, ಕೆಡವಿ, ಮತ್ತೆ ಕಟ್ಟಿ. ಕಾಲೇಜಿನಲ್ಲಿ ಓದಿದ ಹ್ಯಾಶ್, ಡಿಜಿಟಲ್ ಸಹಿ, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ ಎಲ್ಲವೂ ಒಂದೇ ಯಂತ್ರದಲ್ಲಿ ಕೂಡಿ ಕೆಲಸ ಮಾಡುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ಗೊತ್ತಿಲ್ಲ. ಆದರೆ ಕಟ್ಟುವುದು ಒಂದು ಕೆಲಸ, ಅದರ ಮೇಲೆ ಇನ್ನೊಬ್ಬರ ಹಣ ಇಡುವುದು ಬೇರೆಯೇ ಕೆಲಸ. ಸತ್ತ ಡಿಸ್ಕಿನಿಂದ ನೋಡನ್ನು ಎಬ್ಬಿಸಿ ತೋರಿಸುವವರೆಗೆ ಅದರ ಮೇಲೆ ಒಂದು ರೂಪಾಯಿ ಬೆಲೆಯದ್ದನ್ನೂ ಪರರಿಂದ ಪಡೆಯಬೇಡಿ. ಇಷ್ಟು ನನ್ನ ಬೇಡಿಕೆ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನೀವು ಬಳಸುವ ಸರಕು ಸಾಮಾನ್ಯವಾಗಿ ಮೂರು ಅಂತಸ್ತಿನದು. ಬುಡದಲ್ಲಿ ಬಿಟ್‌ಕಾಯಿನ್ ಕೋರ್. 2009ರ ಜನವರಿಯಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನವರು ಹೊರಬಿಟ್ಟ ಪ್ರೋಗ್ರಾಮಿನ ಇಂದಿನ ರೂಪ. ಅದರ ಮೇಲೆ, ಪಾವತಿಗಳನ್ನು ಬ್ಲಾಕ್‌ಚೈನ್ ಆಚೆಗೆ ನಡೆಸುವ ಲೈಟ್ನಿಂಗ್: ಗೋ ಭಾಷೆಯ ಎಲ್‌ಎನ್‌ಡಿ, ಸಿ ಭಾಷೆಯ ಕೋರ್ ಲೈಟ್ನಿಂಗ್, ಸ್ಕಾಲಾದ ಎಕ್ಲೇರ್, ಇವುಗಳಲ್ಲಿ ಯಾವುದಾದರೊಂದು. ಅಂಗಡಿಯ ಬಿಲ್ಲು, ಕ್ಯೂಆರ್ ಕೋಡು ತೋರಿಸಲು ಎಲ್ಲಕ್ಕಿಂತ ಮೇಲೆ ಬಿಟಿಸಿಪೇ ಸರ್ವರ್. ಈ ಬಿಟಿಸಿಪೇ ಹುಟ್ಟಿದ್ದು 2017ರಲ್ಲಿ. ಪಾವತಿ ಸೇವೆ ಕೊಡುತ್ತಿದ್ದ ಒಂದು ಕಂಪನಿಯ ನಿಲುವಿನ ಮೇಲೆ ಸಿಟ್ಟಾದ ನಿಕೊಲಸ್ ಡೋರಿಯರ್ ಎಂಬ ಪ್ರೋಗ್ರಾಮರ್, ಅದೇ ಕೆಲಸ ಮಾಡುವ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ನಡೆಸಿಕೊಳ್ಳುವಂತೆ ಬರೆಯಲು ಕುಳಿತರು. ಸಿಟ್ಟಿನಿಂದ ಇಷ್ಟು ಉಪಯುಕ್ತ ವಸ್ತು ಹುಟ್ಟುವುದು ಅಪರೂಪ. ಮಧ್ಯವರ್ತಿ ಬೇಡ ಎಂಬುದೇ ಇದರ ಉದ್ದೇಶ. ಅಂದಮೇಲೆ ಏನಾದರೂ ಎಡವಟ್ಟಾದರೆ ಫೋನ್ ಮಾಡಲು ಕಸ್ಟಮರ್ ಕೇರ್ ಇಲ್ಲ. ಆ ಕುರ್ಚಿಯಲ್ಲಿ ಕೂರುವವರು ನೀವೇ.

ಮೊದಲು ಡೌನ್‌ಲೋಡ್ ವಿಷಯ. ಇಲ್ಲಿ ನೀವೆಲ್ಲ ಓಡುತ್ತೀರಿ, ನಾನು ಇಲ್ಲಿಯೇ ನಿಲ್ಲುತ್ತೇನೆ.

ಬಿಟ್‌ಕಾಯಿನ್ ಕೋರ್ ಬಿಡುಗಡೆಯ ಜೊತೆ ಎರಡು ಸಣ್ಣ ಕಡತಗಳು ಇರುತ್ತವೆ. ಒಂದರಲ್ಲಿ ಪ್ರತಿ ಫೈಲಿನ ಎಸ್‌ಎಚ್‌ಎ256 ಹ್ಯಾಶ್. ಇನ್ನೊಂದರಲ್ಲಿ ಆ ಪಟ್ಟಿಯ ಮೇಲೆ ಹಲವು ಡೆವಲಪರ್‌ಗಳು ಹಾಕಿದ ಸಹಿ. ಮೊದಲನೆಯದನ್ನು ತಾಳೆ ನೋಡುವವರು ನಿಮ್ಮಲ್ಲಿ ಕೆಲವರಿದ್ದೀರಿ. ಎರಡನೆಯದನ್ನು ನೋಡಿದವರು ನನ್ನ ಮನೆಗೆ ಬಂದವರಲ್ಲಿ ಕಡಿಮೆ. ಬರೀ ಹ್ಯಾಶ್ ಹೊಂದಿದರೆ ಏನು ಸಿಕ್ಕಿತು? ಆ ವೆಬ್‌ಸೈಟನ್ನೇ ಕಳ್ಳ ಹಿಡಿದಿದ್ದರೆ ಫೈಲಿನ ಜೊತೆ ಹ್ಯಾಶನ್ನೂ ಬದಲಾಯಿಸಿಯೇ ಇಟ್ಟಿರುತ್ತಾನೆ. ಸಹಿ ಪರೀಕ್ಷಿಸಿದಾಗಲೂ ಒಂದು ತಮಾಷೆ ನಡೆಯುತ್ತದೆ. ಜಿಪಿಜಿ "ಗುಡ್ ಸಿಗ್ನೇಚರ್" ಎಂದು ಹೇಳಿ, ಅದರ ಬೆನ್ನಿಗೇ ಈ ಕೀಲಿ ನಂಬಿಕಸ್ಥರಿಂದ ದೃಢೀಕೃತವಾಗಿಲ್ಲ ಎಂಬ ಎಚ್ಚರಿಕೆಯನ್ನೂ ಕೊಡುತ್ತದೆ. ಕೆಲವರು ಅದನ್ನು ಕಂಡು ಗಾಬರಿಯಾಗಿ ಎಲ್ಲ ಬಿಟ್ಟು ಏಳುತ್ತಾರೆ. ಉಳಿದವರು ಎಚ್ಚರಿಕೆಗಳನ್ನೆಲ್ಲ ಕಡೆಗಣಿಸುವುದನ್ನು ಕಲಿಯುತ್ತಾರೆ. ಎರಡೂ ಬೇಡ. ಸಹಿ ಸರಿಯಾಗಿದೆ, ಆದರೆ ಈ ಕೀಲಿ ನಿಜಕ್ಕೂ ಅವರದೇ ಎಂದು ನೀನು ನನಗೆ ಹೇಳಿಲ್ಲ, ಇಷ್ಟೇ ಅದರ ತಕರಾರು. ಕೀಲಿಯ ಫಿಂಗರ್‌ಪ್ರಿಂಟನ್ನು ಬೇರೆ ಒಂದೆರಡು ಕಡೆಯಿಂದ ತಂದು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಒಬ್ಬರ ಸಹಿಗೆ ತೃಪ್ತರಾಗದೆ ಹಲವರದ್ದು ನೋಡಿ. 2021ರ 22ನೇ ಆವೃತ್ತಿಯಿಂದ ಕೋರ್ ಬಿಡುಗಡೆಗಳು ಗೀಕ್ಸ್ ಎಂಬ ವ್ಯವಸ್ಥೆಯಲ್ಲಿ ತಯಾರಾಗುತ್ತಿವೆ: ಬೇರೆ ಬೇರೆ ಊರುಗಳಲ್ಲಿ ಕುಳಿತ ಜನ ಅದೇ ಸೋರ್ಸನ್ನು ತಮ್ಮ ತಮ್ಮ ಯಂತ್ರದಲ್ಲಿ ಕಟ್ಟಿದರೂ ಬೈಟು ಬೈಟಿಗೆ ಒಂದೇ ಫೈಲು ಬರಬೇಕು, ಬಂದರೆ ಸಹಿ ಹಾಕುತ್ತಾರೆ. ಅಷ್ಟೊಂದು ಜನ ನಿಮಗೋಸ್ಕರ ಪಟ್ಟ ಶ್ರಮವನ್ನು ಎರಡು ನಿಮಿಷ ಉಳಿಸಲು ಹೋಗಿ ವ್ಯರ್ಥ ಮಾಡಬೇಡಿ.

"ಸೋರ್ಸ್ ಕೋಡಿನಿಂದ ನಾವೇ ಕಟ್ಟತೇವಲ್ರಿ, ಮತ್ಯಾಕ ಚಿಂತಿ?" ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದಲ್ಲಿ ಹಿಂಬಾಗಿಲು ಸಿಕ್ಕಿದ್ದು ಅವಳಿಗೆ ಗೊತ್ತಿರಲಿಲ್ಲ. ಆ ಹಿಂಬಾಗಿಲನ್ನು ತೆರೆಯುವ ಬಿಲ್ಡ್ ಸ್ಕ್ರಿಪ್ಟ್ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲಿನಲ್ಲಿ ಮಾತ್ರ ಇತ್ತು. ಸೋರ್ಸ್ ತಂದು ಕಟ್ಟಿದ್ದೇವೆ ಎಂದುಕೊಂಡವರೂ ವಿಷವನ್ನೇ ಕಟ್ಟಿಕೊಳ್ಳುತ್ತಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಅದು ಹೊರಬಿತ್ತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2018ರ ಈವೆಂಟ್ ಸ್ಟ್ರೀಮ್ ಪ್ರಕರಣ: ಜನಪ್ರಿಯ ಎನ್‌ಪಿಎಂ ಪ್ಯಾಕೇಜೊಂದರ ಉಸ್ತುವಾರಿ ಕೈ ಬದಲಾಯಿತು, ಹೊಸಬ ಸೇರಿಸಿದ ಕೋಡು ಬೇರೆಲ್ಲೂ ಏನೂ ಮಾಡದೆ ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್ಟಿನೊಳಗೆ ಮಾತ್ರ ಕೀಲಿ ಕದಿಯಲು ಕಾದು ಕುಳಿತಿತ್ತು. ಹಣ ಮುಟ್ಟುವ ತಂತ್ರಾಂಶದ ಮೇಲೆ ಕಣ್ಣಿಟ್ಟವರು ಇಷ್ಟು ತಾಳ್ಮೆಯವರು. ಆದ್ದರಿಂದ ಗಿಟ್‌ನಿಂದಲೇ ತನ್ನಿ, ಸಹಿ ಇರುವ ಟ್ಯಾಗನ್ನು ಪರೀಕ್ಷಿಸಿ ಅದನ್ನೇ ಕಟ್ಟಿ. ಯಾರೋ ಟೆಲಿಗ್ರಾಂ ಗುಂಪಿನಲ್ಲಿ ಹಾಕಿದ "ಒಂದೇ ಸಾಲಿನ ಇನ್‌ಸ್ಟಾಲ್" ಸ್ಕ್ರಿಪ್ಟನ್ನು ರೂಟ್ ಅಧಿಕಾರದಲ್ಲಿ ಓಡಿಸಬೇಡಿ.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಅದು ಬರುತ್ತದೆ. ಯೂಟ್ಯೂಬ್ ವಿಡಿಯೊ ನೋಡಿಕೊಂಡು ಆಟೋಜೆನ್ ಸ್ಕ್ರಿಪ್ಟ್ ಸಿಗುತ್ತಿಲ್ಲ ಎಂದು ಪರದಾಡುವುದನ್ನು ಮಾತ್ರ ಬಿಡಿ. 2025ರ ಏಪ್ರಿಲ್‌ನಲ್ಲಿ ಬಂದ 29ನೇ ಆವೃತ್ತಿಯಿಂದ ಬಿಟ್‌ಕಾಯಿನ್ ಕೋರ್ ಆ ಹಳೆಯ ಬಿಲ್ಡ್ ವ್ಯವಸ್ಥೆ ಬಿಟ್ಟು ಸಿಮೇಕ್‌ಗೆ ಬದಲಾಗಿದೆ. ಹಳೆಯ ವಿಡಿಯೊಗಳ ಆಜ್ಞೆಗಳು ಈಗ ನಡೆಯವು. ನೀವು ಕಟ್ಟುತ್ತಿರುವ ಟ್ಯಾಗಿನ ಒಳಗೇ ಡಾಕ್ ಎಂಬ ಫೋಲ್ಡರ್ ಇದೆ, ಅದನ್ನು ಓದಿ. ರಾಸ್ಪ್‌ಬೆರಿ ಪೈ ಮೇಲೆ ಕಟ್ಟುವಾಗ ಅರ್ಧಕ್ಕೆ "ಕಿಲ್ಡ್" ಎಂದು ಬಂದು ಕಂಪೈಲರ್ ನಿಂತರೆ ಕೋಡ್ ಕೆಟ್ಟಿಲ್ಲ, ರ‍್ಯಾಮ್ ಸಾಲದೆ ಲಿನಕ್ಸ್ ಕಂಪೈಲರನ್ನು ಕೊಂದಿದೆ. ಕನಿಷ್ಠ 1.5 ಜಿಬಿ ಮೆಮೊರಿ ಬಿಡುವಾಗಿರಲಿ ಎಂದು ಅದೇ ದಾಖಲೆ ಹೇಳುತ್ತದೆ. ನಾಲ್ಕು ಕೋರ್ ಇದೆಯೆಂದು ನಾಲ್ಕನ್ನೂ ಹಚ್ಚಬೇಡಿ, ಒಂದರಲ್ಲಿ ಕಟ್ಟಿ ಮಲಗಿರಿ. ಇನ್ನು ಪೂರ್ತಿ ಬ್ಲಾಕ್‌ಚೈನ್ 600 ಜಿಬಿ ದಾಟಿದೆ. ಜಾಗ ಇಲ್ಲದವರು ಪ್ರೂನ್ ಮಾಡಬಹುದು, ಬ್ಲಾಕ್ ಕಡತಗಳನ್ನು 550 ಎಂಬಿಯವರೆಗೆ ಇಳಿಸಬಹುದು. ಆದರೆ ಮೊದಲ ಸಲ ಎಲ್ಲವನ್ನೂ ಇಳಿಸಿಕೊಂಡು ಪರಿಶೀಲಿಸಿಯೇ ಆಮೇಲೆ ಅಳಿಸುತ್ತದೆ. ಹಾಸ್ಟೆಲ್ಲಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇದನ್ನು ಶುರು ಮಾಡಿದವನ ರೂಮ್‌ಮೇಟುಗಳು ಇನ್ನೂ ಅವನನ್ನು ಕ್ಷಮಿಸಿಲ್ಲ.

ಅಷ್ಟಕ್ಕೂ ಪ್ರಾಜೆಕ್ಟಿಗೆ ಅಸಲಿ ಜಾಲವೇ ಬೇಕಿಲ್ಲ. ರೆಗ್‌ಟೆಸ್ಟ್ ಎಂಬ ವಿಧಾನದಲ್ಲಿ ನಿಮ್ಮ ಲ್ಯಾಪ್‌ಟಾಪಿನೊಳಗೇ ಒಂದು ಖಾಸಗಿ ಬಿಟ್‌ಕಾಯಿನ್ ಲೋಕ ಸೃಷ್ಟಿಯಾಗುತ್ತದೆ. ಬ್ಲಾಕ್ ಬೇಕೆಂದಾಗ ನೀವೇ ಹುಟ್ಟಿಸಬಹುದು. 101 ಬ್ಲಾಕ್ ಹುಟ್ಟಿಸಿ ಎಂದು ಎಲ್ಲ ಕೈಪಿಡಿಗಳೂ ಹೇಳುವುದಕ್ಕೆ ಕಾರಣವಿದೆ, ಗಣಿ ಬಹುಮಾನ ಖರ್ಚಿಗೆ ಬರಬೇಕಾದರೆ ಅದರ ಮೇಲೆ ಇನ್ನೂ 100 ಬ್ಲಾಕ್ ಕೂರಬೇಕು. 101 ಆದ ಕೂಡಲೇ ನಿಮ್ಮ ಕೈಯಲ್ಲಿ 50 ಸುಳ್ಳು ಬಿಟ್‌ಕಾಯಿನ್. ಪೋಲಾರ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡರೆ ಎಲ್‌ಎನ್‌ಡಿ, ಕೋರ್ ಲೈಟ್ನಿಂಗ್, ಎಕ್ಲೇರ್ ಮೂರನ್ನೂ ಮೌಸಿನಲ್ಲಿ ಎಳೆದು ಜೋಡಿಸಬಹುದು. ಅಲ್ಲಿ ಮೋಸ ಮಾಡಿ, ಡಿಸ್ಕ್ ಕಿತ್ತುಹಾಕಿ, ನಡುವೆ ಕರೆಂಟ್ ತೆಗೆಯಿರಿ. ಪರೀಕ್ಷಕರಿಗೆ ಅಸಲಿ ಹಣದ ಕ್ಯೂಆರ್ ಕೋಡ್ ತೋರಿಸಿದರೆ ಹೆಚ್ಚು ಅಂಕ ಬರುತ್ತದೆ ಎಂಬ ಆಸೆ ನಿಮಗಿದೆ, ನನಗೆ ಗೊತ್ತು. ಬೇಡ.

ಲೈಟ್ನಿಂಗ್ ಹಂತಕ್ಕೆ ಬಂದಾಗ ಎಲ್ಲರೂ ಒಂದೇ ಕಡೆ ಸಿಕ್ಕಿಕೊಳ್ಳುತ್ತೀರಿ. "ಇನ್‌ವಾಯ್ಸ್ ಬಂದೈತ್ರಿ ಸರ್, ರೊಕ್ಕ ಮಾತ್ರ ಬರವಲ್ದು." ಬರುವುದು ಹೇಗೆ? ನೀವು ಇನ್ನೊಂದು ನೋಡಿನ ಜೊತೆ ನಿಮ್ಮ ಹಣದಿಂದ ಚಾನೆಲ್ ತೆರೆದಿದ್ದೀರಿ, ಅದರ ಬ್ಯಾಲೆನ್ಸೆಲ್ಲ ನಿಮ್ಮ ಕಡೆಗೇ ಇದೆ. ಕೊಡಬಲ್ಲಿರಿ, ಪಡೆಯಲಾರಿರಿ. ಪಡೆಯಬೇಕಾದರೆ ಆಚೆ ತುದಿಯಲ್ಲಿ ಹಣ ಇರಬೇಕು. ಒಂದಿಷ್ಟು ಖರ್ಚು ಮಾಡಿ ದೂಡಬೇಕು, ಇಲ್ಲವೇ ಬೇರೆಯವರಿಂದ ನಿಮ್ಮ ಕಡೆಗೆ ಚಾನೆಲ್ ತೆರೆಸಿಕೊಳ್ಳಬೇಕು. ಅಂಗಡಿಯ ಕೆಲಸವೇ ಪಡೆಯುವುದು. ಅಂಗಡಿಕಾರರಿಗೆ ಹೊಸ ನೋಡ್ ಕೊಟ್ಟು ಬಂದು, ಮೊದಲ ಗಿರಾಕಿಯ ಪಾವತಿಯೇ ವಿಫಲವಾದರೆ ಅವರಿಗೆ ಇದನ್ನೆಲ್ಲ ಯಾರು ವಿವರಿಸುತ್ತಾರೆ?

ಈಗ ನನ್ನ ನಿದ್ದೆ ಕೆಡಿಸುವ ಸಂಗತಿಗೆ ಬರುತ್ತೇನೆ, ಬ್ಯಾಕಪ್.

ನಿಮಗೆ ನಾವೆಲ್ಲ ಕಲಿಸಿದ್ದು ಬ್ಯಾಕಪ್ ಇದ್ದರೆ ಸಾಕು, ಹಳೆಯದಾದರೂ ಪರವಾಗಿಲ್ಲ ಎಂದು. ಲೈಟ್ನಿಂಗ್‌ನಲ್ಲಿ ಆ ಬುದ್ಧಿವಾದ ಅಪಾಯಕಾರಿ. ಪ್ರತಿ ಪಾವತಿಗೂ ಚಾನೆಲ್ಲಿನ ಎರಡೂ ಕಡೆಯವರು ಹೊಸ ಲೆಕ್ಕಕ್ಕೆ ಸಹಿ ಹಾಕಿ ಹಳೆಯದನ್ನು ರದ್ದು ಮಾಡುತ್ತಾರೆ. ಸಾಲ ತೀರಿದ ಮೇಲೂ ಹರಿಯದೆ ಉಳಿಸಿಕೊಂಡ ಪ್ರಾಮಿಸರಿ ನೋಟನ್ನು ಕೋರ್ಟಿಗೆ ಒಯ್ದಂತೆ ಇದು, ದಂಡ ಮಾತ್ರ ಇನ್ನೂ ಕಠಿಣ: ರದ್ದಾದ ಹಳೆಯ ಲೆಕ್ಕವನ್ನು ನೀವು ಜಾಲಕ್ಕೆ ಬಿಟ್ಟರೆ, ಆಚೆ ಕಡೆಯವರು ದಂಡವಾಗಿ ಇಡೀ ಚಾನೆಲ್ಲಿನ ಹಣವನ್ನು ಎತ್ತಿಕೊಳ್ಳಬಹುದು. ಅದಕ್ಕೆ ಅವರಿಗೆ ಒಂದು ದಿನದಿಂದ ಎರಡು ವಾರದವರೆಗೆ ಕಾಲಾವಕಾಶ ಇರುವುದು ರೂಢಿ. ನೀವು ಮೋಸಕ್ಕೆ ಮಾಡಿದಿರೋ, ಕಳೆದ ಭಾನುವಾರದ ಡೇಟಾಬೇಸ್ ನಕಲನ್ನು ಒಳ್ಳೆಯ ಮನಸ್ಸಿನಿಂದ ತಂದು ಹಾಕಿದಿರೋ, ಆ ಪ್ರೋಗ್ರಾಮಿಗೆ ತಿಳಿಯುವುದಿಲ್ಲ.

ಎಲ್‌ಎನ್‌ಡಿ ಕೊಡುವ 24 ಪದಗಳನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಕು ಎಂದು ಬಹಳ ಜನ ನಂಬಿದ್ದೀರಿ. ಆ ಪದಗಳು ತರುವುದು ಬ್ಲಾಕ್‌ಚೈನ್ ಮೇಲಿನ ಹಣವನ್ನು ಮಾತ್ರ. ಚಾನೆಲ್ಲಿನದ್ದಕ್ಕೆ ಚಾನೆಲ್ ಬ್ಯಾಕಪ್ ಎಂಬ ಸಣ್ಣ ಕಡತ ಬೇರೆ ಇದೆ. ಚಾನೆಲ್ ತೆರೆದಾಗ, ಮುಚ್ಚಿದಾಗ ಅದು ಬದಲಾಗುತ್ತದೆ, ಪ್ರತಿ ಸಲವೂ ಅದರ ನಕಲು ಬೇರೆ ಯಂತ್ರಕ್ಕೆ ಹೋಗಬೇಕು. ಅದರಿಂದ ಎಬ್ಬಿಸಿದಾಗಲೂ ಚಾನೆಲ್ ಮತ್ತೆ ನಡೆಯುವುದಿಲ್ಲ. ಆಚೆಯವರನ್ನು ಕೇಳಿಕೊಂಡು ಮುಚ್ಚಿಸಿ ಹಣ ವಾಪಸು ಪಡೆಯುವುದಷ್ಟೇ. ಆಚೆಯ ನೋಡ್ ಕಾಣೆಯಾಗಿದ್ದರೆ ಅದೂ ಕಷ್ಟ. ಕೋರ್ ಲೈಟ್ನಿಂಗ್‌ನಲ್ಲಾದರೆ ಡೇಟಾಬೇಸನ್ನು ಏಕಕಾಲಕ್ಕೆ ಎರಡು ಡಿಸ್ಕಿಗೆ ಬರೆಯುವ ಸೌಕರ್ಯವಿದೆ, ಎಚ್‌ಎಸ್‌ಎಂ ಸೀಕ್ರೆಟ್ ಎಂಬ ಕಡತವನ್ನು ಬೇರೆಯಾಗಿ ಜೋಪಾನ ಮಾಡಬೇಕು.

ಧಾರವಾಡದಲ್ಲಿ ಒಬ್ಬ ಹುಡುಗನ ಬಾಡಿಗೆ ರೂಮಿನಲ್ಲಿ ನಾನು ನೋಡಿದ್ದು: ಪೈ ಯಂತ್ರ ಷೂ ಡಬ್ಬಿಯೊಳಗೆ, ಅದರ ಎಸ್‌ಡಿ ಕಾರ್ಡಿನ ಮೇಲೆಯೇ ಬ್ಲಾಕ್‌ಚೈನೂ ಚಾನೆಲ್ ಡೇಟಾಬೇಸೂ, ಡಬ್ಬಿಯ ವೈರು ಫ್ಯಾನಿನ ರೆಗ್ಯುಲೇಟರ್ ಪಕ್ಕದ ಪ್ಲಗ್ಗಿಗೆ, ಯುಪಿಎಸ್ ಇಲ್ಲ. ಮಳೆಗಾಲ. ಸಂಜೆ ಮೂರ್ನಾಲ್ಕು ಸಲ ಕರೆಂಟ್ ಹೋಗಿ ಬಂತು. ಕೊನೆಯ ಸಲ ಕಾರ್ಡ್ ರೀಡ್ ಓನ್ಲಿ ಆಗಿ ಕುಳಿತಿತು. ಹೋದದ್ದು ಆ ಹುಡುಗನ ಸ್ವಂತದ ಸಣ್ಣ ಮೊತ್ತ, ಒಂದು ಸಿನಿಮಾ ಟಿಕೆಟಿನಷ್ಟು. ಅವನು ನಕ್ಕು ಸುಮ್ಮನಾದ. ಕೆಳಗಿನ ಝೆರಾಕ್ಸ್ ಅಂಗಡಿಯ ಕಾಕಾನ ಹಣವಾಗಿದ್ದರೆ ಇಬ್ಬರಿಗೂ ನಗು ಬರುತ್ತಿರಲಿಲ್ಲ. ಎಸ್‌ಎಸ್‌ಡಿ ಹಾಕಿ, ಯುಪಿಎಸ್ ಹಾಕಿ. ಇವು ಐಷಾರಾಮಲ್ಲ.

ಪೋರ್ಟುಗಳ ಬಗ್ಗೆ ಎರಡು ಮಾತು. ಬಿಟ್‌ಕಾಯಿನ್ ಕೋರ್‌ನ 8333 ಊರಿಗೆಲ್ಲ ತೆರೆದಿರಬಹುದು, ಲೈಟ್ನಿಂಗ್‌ನ 9735 ಸಹ. ಆದರೆ 8332, ಅಂದರೆ ಆರ್‌ಪಿಸಿ, ನಿಮ್ಮ ಯಂತ್ರ ಬಿಟ್ಟು ಹೊರಗೆ ಕಾಣಬಾರದು. ಕನೆಕ್ಷನ್ ಆಗುತ್ತಿಲ್ಲ ಎಂದು ಬೇಸತ್ತು ಎಲ್ಲ ಐಪಿಗಳಿಗೂ ಅನುಮತಿ ಕೊಟ್ಟ ಕಾನ್ಫಿಗ್ ಫೈಲುಗಳನ್ನು ನಿಮ್ಮ ಲ್ಯಾಪ್‌ಟಾಪುಗಳಲ್ಲಿ ಕಂಡಿದ್ದೇನೆ. ಡಾಕರ್ ಬಳಸುವವರು ಇನ್ನೂ ಹುಷಾರು: ಯುಎಫ್‌ಡಬ್ಲ್ಯುನಲ್ಲಿ ಪೋರ್ಟ್ ಮುಚ್ಚಿದ್ದೇವೆ ಎಂದುಕೊಂಡಿರುತ್ತೀರಿ, ಡಾಕರ್ ತಾನೇ ಐಪಿಟೇಬಲ್ಸ್ ನಿಯಮ ಬರೆದು ಅದನ್ನು ದಾಟಿ ಹೋಗಿರುತ್ತದೆ. ಹೊರಗಿನ ಇನ್ನೊಂದು ಯಂತ್ರದಿಂದ ಎನ್‌ಮ್ಯಾಪ್ ಓಡಿಸಿ ನೋಡದೆ ಮುಚ್ಚಿದೆ ಎಂದು ನಂಬಬೇಡಿ. ಮನೆಯ ಇಂಟರ್ನೆಟ್ ಸಿಜಿನ್ಯಾಟ್ ಹಿಂದೆ ಇದ್ದು ಒಳಬರುವ ಸಂಪರ್ಕವೇ ಸಿಗದಿದ್ದರೆ ಟಾರ್ ಬಳಸಿ, ರೂಟರಿನ ಸೆಟ್ಟಿಂಗ್ ಜೊತೆ ರಾತ್ರಿಯೆಲ್ಲ ಗುದ್ದಾಡಬೇಡಿ. ಬಿಟಿಸಿಪೇಗೆ ಹಾರ್ಡ್‌ವೇರ್ ವಾಲೆಟ್ಟಿನ ಎಕ್ಸ್‌ಪಬ್, ಅಂದರೆ ಸಾರ್ವಜನಿಕ ಕೀಲಿ, ಮಾತ್ರ ಕೊಡಿ; ಬ್ಲಾಕ್‌ಚೈನ್ ಮೇಲಿನ ಹಣದ ಖಾಸಗಿ ಕೀಲಿ ಸರ್ವರಿನಲ್ಲಿ ಇರುವ ಅಗತ್ಯವೇ ಇಲ್ಲ. ಲೈಟ್ನಿಂಗ್ ಕೀಲಿಗಳಿಗೆ ಆ ಭಾಗ್ಯವಿಲ್ಲ, ಅವು ಸದಾ ಆನ್‌ಲೈನ್ ಇರಲೇಬೇಕು. ಹಾಗಾಗಿ ಕಳೆದುಕೊಂಡರೂ ಊಟ ಬಿಡಬೇಕಾಗದಷ್ಟೇ ಅಲ್ಲಿರಲಿ.

ಕಟ್ಟಿ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. 2022ರ ಅಕ್ಟೋಬರ್ 9ರಂದು ಒಬ್ಬ ಡೆವಲಪರ್ 999 ಕೀಲಿಗಳಲ್ಲಿ 998 ಸಹಿ ಬೇಡುವ ವಿಚಿತ್ರ ವ್ಯವಹಾರವೊಂದನ್ನು ಮಾಡಿದರು. ಬಿಟ್‌ಕಾಯಿನ್ ಕೋರ್ ಅದನ್ನು ಸಲೀಸಾಗಿ ಒಪ್ಪಿತು. ಎಲ್‌ಎನ್‌ಡಿ ಬಳಸುತ್ತಿದ್ದ ಗೋ ಲೈಬ್ರರಿ ಆ ಬ್ಲಾಕನ್ನು ಓದಲಾರದೆ ನಿಂತಿತು. ಲೋಕದ ಎಲ್‌ಎನ್‌ಡಿ ನೋಡುಗಳು ಹೊಸ ಬ್ಲಾಕುಗಳಿಗೆ ಕುರುಡಾದವು. ಅಂದರೆ ಆಚೆಯವರು ಮೋಸ ಮಾಡಿದರೂ ತಿಳಿಯದ ಸ್ಥಿತಿ. ಕೆಲವೇ ಗಂಟೆಗಳಲ್ಲಿ ರಿಪೇರಿ ಬಂತು. ನವೆಂಬರ್ 1ಕ್ಕೆ ಅಂಥದೇ ಇನ್ನೊಂದು, ಮತ್ತೆ ಹೊಸ ಆವೃತ್ತಿ. ಸೆಮಿಸ್ಟರ್ ಮುಗಿಸಿ, ಕ್ಯಾಂಪಸ್ ಸೆಲೆಕ್ಷನ್ ಆಗಿ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ನೀವು ಅಂಗಡಿಗೆ ಹಾಕಿಕೊಟ್ಟ ನೋಡನ್ನು ಆ ದಿನ ಯಾರು ಅಪ್‌ಡೇಟ್ ಮಾಡುತ್ತಾರೆ? ಹೆಸರು ಹೇಳಿ. ಹೇಳಲಾಗದಿದ್ದರೆ ಹಾಕಿಕೊಡಬೇಡಿ.

ಕಾನೂನಿನದೂ ಒಂದು ಮಗ್ಗುಲಿದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳ ಸೇವೆ ನಿಲ್ಲಿಸಿದ್ದನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಹಾಗೆಂದು ಮೈದಾನ ಖಾಲಿಯೇನಲ್ಲ. 2022ರ ಏಪ್ರಿಲ್‌ನಿಂದ ಇಂಥ ಆಸ್ತಿಯ ವರ್ಗಾವಣೆಯ ಲಾಭಕ್ಕೆ ಶೇ 30 ತೆರಿಗೆ, ನಷ್ಟವನ್ನು ಬೇರೆ ಲಾಭದ ಎದುರು ಹೊಂದಿಸಿಕೊಳ್ಳುವಂತಿಲ್ಲ. ಅದೇ ವರ್ಷದ ಜುಲೈನಿಂದ ಮಿತಿ ದಾಟಿದ ವರ್ಗಾವಣೆಗೆ ಶೇ 1 ಟಿಡಿಎಸ್. 2023ರ ಮಾರ್ಚ್‌ನಿಂದ, ಇನ್ನೊಬ್ಬರ ಪರವಾಗಿ ಕ್ರಿಪ್ಟೊ ವರ್ಗಾಯಿಸುವ, ಕಾಯ್ದುಕೊಡುವ ವ್ಯಾಪಾರ ಮಾಡುವವರು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದಾರೆ. ನಾಲ್ಕು ಅಂಗಡಿಗಳ ಹಣವನ್ನು ನಿಮ್ಮ ಒಂದೇ ನೋಡಿನಲ್ಲಿ ಹಿಡಿದಿಟ್ಟುಕೊಂಡು "ಸ್ಟಾರ್ಟಪ್" ಎನ್ನುವ ಮೊದಲು ಒಬ್ಬ ಚಾರ್ಟರ್ಡ್ ಅಕೌಂಟೆಂಟರ ಮುಂದೆ ಕೂತು ಎದ್ದು ಬನ್ನಿ. ಮನೆಯಲ್ಲಿ ಅಪ್ಪ ಅಮ್ಮನಿಗೂ ಹೇಳಿ.

ಅಂಗಡಿಕಾರರಿಗೆ ಇನ್ನೊಂದು ಸತ್ಯವನ್ನೂ ಹೇಳಿಬಿಡಿ. 2016ರಲ್ಲಿ ಬಂದ ಯುಪಿಐ ಅವರ ನಿತ್ಯದ ವ್ಯಾಪಾರಕ್ಕೆ ಸಾಕಷ್ಟು ಚೆನ್ನಾಗಿದೆ. ಗಿರ್ಮಿಟ್ ಮಾರುವವರಿಗೆ ಲೈಟ್ನಿಂಗ್ ಚಾನೆಲ್ ಬೇಕಿಲ್ಲ. ನಿಮ್ಮ ನೋಡಿನ ಬೆಲೆ ಅಲ್ಲಿಲ್ಲ; ಯಾರ ಮಾತನ್ನೂ ನಂಬದೆ 2009ರಿಂದ ಇಂದಿನವರೆಗಿನ ಲೆಕ್ಕವನ್ನು ನಿಮ್ಮದೇ ಯಂತ್ರ ತಾಳೆ ನೋಡುತ್ತದಲ್ಲ, ಅದರಲ್ಲಿದೆ.

ಕೊನೆಯದಾಗಿ ಎರಡು ಕೋರಿಕೆ. ಪ್ರಾಜೆಕ್ಟ್ ವರದಿಯಲ್ಲಿ ಬ್ಲಾಕ್‌ಚೈನ್ ಎಂದರೇನು ಎಂಬ ಇಪ್ಪತ್ತು ಪುಟಗಳನ್ನು ಕತ್ತರಿಸಿ, ಆ ಜಾಗದಲ್ಲಿ ರೆಗ್‌ಟೆಸ್ಟ್ ನೋಡಿನ ಡಿಸ್ಕನ್ನು ಕಿತ್ತು ಬೇರೆ ಯಂತ್ರದಲ್ಲಿ ಎಬ್ಬಿಸಿದ ಬಗೆಯನ್ನು ಬರೆಯಿರಿ: ಏನು ಉಳಿಯಿತು, ಏನು ಹೋಯಿತು, ಎಷ್ಟು ಹೊತ್ತು ಹಿಡಿಯಿತು. ನಿಮ್ಮ ಗೈಡ್ ಆದ ಅಧ್ಯಾಪಕರೂ ಈ ಪತ್ರ ಓದಿದರೆ, ಆ ಅಧ್ಯಾಯಕ್ಕೆ ಅಂಕ ಇಡಬೇಕೆಂದು ಅವರಲ್ಲಿಯೂ ವಿನಂತಿ. ಎರಡನೆಯದು, ಕಟ್ಟುವಾಗ ದಾಖಲೆಯಲ್ಲಿ ತಪ್ಪು ಕಂಡರೆ, ಪ್ಯಾಕೇಜಿನ ಹೆಸರು ಬದಲಾಗಿದ್ದರೆ, ಅದನ್ನು ತಿದ್ದಿ ಮೂಲ ಯೋಜನೆಗೆ ಕಳಿಸಿ. ಒಂದು ಸಾಲಿನ ತಿದ್ದುಪಡಿಯಾದರೂ ಸರಿ. ಜೊತೆಗೆ ನಿಮ್ಮ ಟಿಪ್ಪಣಿಯನ್ನು ಕನ್ನಡದಲ್ಲಿಯೂ ಬರೆದಿಡಿ. ಮುಂದಿನ ವರ್ಷ ಗದಗಿನಿಂದಲೋ ಹಾವೇರಿಯಿಂದಲೋ ಬರುವ ಹುಡುಗರಿಗೆ ನಾನು ಅದನ್ನೇ ಕೊಡುತ್ತೇನೆ. ನನ್ನ ಮನೆಗೆ ಬರುವವರು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಎರರ್ ಬಂದ ಲಾಗ್ ಫೈಲನ್ನು ಪೂರ್ತಿಯಾಗಿ ತನ್ನಿ. ಮೊಬೈಲಿನಲ್ಲಿ ತೆಗೆದ ಸ್ಕ್ರೀನಿನ ಫೋಟೊ ನಡೆಯುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಸಿಸ್ಟಂ ಅಡ್ಮಿನ್